ಡಿಸಿಎಂ ಅಂದ್ರೆ ಏನು?

ಮೊನ್ನೆ ಬಸ್ ಸ್ಟ್ಯಾಂಡ್ ಹತ್ತಿರ ಆಟೋ ಹತ್ತಿದೆ. ಡ್ರೈವರ್ "ಡಿಸಿಎಂ, ಡಿಸಿಎಂ" ಅಂತ ಕೂಗುತ್ತಿದ್ದ. ಪಕ್ಕದಲ್ಲಿ ಕೂತಿದ್ದವಳು ಹಾವೇರಿ ಕಡೆಯ ಹುಡುಗಿ, ಇಲ್ಲಿ ಎಂ.ಎ. ಓದಲು ಬಂದಿದ್ದಾಳೆ. "ಅಂಕಲ್, ಅಲ್ಲಿ ಉಪಮುಖ್ಯಮಂತ್ರಿ ಮನಿ ಐತೇನ್ರಿ?" ಅಂದಳು. ಇಲ್ಲಮ್ಮ, ದಾವಣಗೆರೆ ಕಾಟನ್ ಮಿಲ್ ಅಂದೆ. "ಮಿಲ್ ಈಗ್ಲೂ ನಡೀತದೇನ್ರಿ?"

ಇಲ್ಲ ಅಂದೆ. ಇಳಿದ ಮೇಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ನಮ್ಮ ದಾವಣಗೆರೆಯ ಪಿ.ಬಿ. ರಸ್ತೆ ಅಂದರೆ ಪೂನಾ–ಬೆಂಗಳೂರು ರಸ್ತೆ ಅಂತ ಈಗಿನ ಎಷ್ಟು ಮಕ್ಕಳಿಗೆ ಗೊತ್ತೋ! ಹಿಂದೆ ಇದೇ ರಾಷ್ಟ್ರೀಯ ಹೆದ್ದಾರಿ 4. ಲಾರಿಗಳೆಲ್ಲ ಊರೊಳಗೇ ಹಾದು ಹರಿಹರದ ಕಡೆ ಹೋಗುತ್ತಿದ್ದವು. ಈಗ ಹೆದ್ದಾರಿ ಬೈಪಾಸಿಗೆ ಹೋಯಿತು, ನಂಬರೂ 48 ಆಯಿತು. ಹಳೇ ಹೆಸರು ಮಾತ್ರ ನಮ್ಮಲ್ಲೇ ಉಳಿಯಿತು. ಗಾಂಧಿ ಸರ್ಕಲ್, ಪಾಲಿಕೆ, ರೈಲ್ವೆ ಸ್ಟೇಷನ್, ಅರುಣಾ ಟಾಕೀಸ್, ಹೀಗೆ ಊರಿಗೆ ಊರೇ ಈ ರಸ್ತೆಗೆ ಅಂಟಿಕೊಂಡಿದೆ.

ನನಗೆ ಈ ರಸ್ತೆ ಅಂದರೆ ಮಿಲ್ಲಿನ ಸೈರನ್ನಿನ ಕೂಗು. ಅಪ್ಪ ಒಂದು ಬಟ್ಟೆ ಮಿಲ್ಲಿನಲ್ಲಿದ್ದರು. ಕೂಗು ಆದ ಸ್ವಲ್ಪ ಹೊತ್ತಿಗೆ ಪಾಳಿ ಬಿಟ್ಟವರ ಸೈಕಲ್ಲುಗಳು ರಸ್ತೆ ತುಂಬಾ. ಅಪ್ಪನ ಹುಬ್ಬಿನ ಮೇಲೆ, ಕಿವಿಯ ಹಿಂದೆ ಹತ್ತಿಯ ಎಳೆ ಕೂತಿರುತ್ತಿತ್ತು. ಅವ್ವ ಒದ್ದೆ ಟವೆಲ್ಲಿನಿಂದ ಒರೆಸಿದರೂ ಪೂರ್ತಿ ಹೋಗುತ್ತಿರಲಿಲ್ಲ. ಸಂಬಳದ ದಿನ ಮಂಡಕ್ಕಿ, ಮೆಣಸಿನಕಾಯಿ ಪೊಟ್ಟಣ ಗ್ಯಾರಂಟಿ. ಮಗ್ಗದ ಸದ್ದಿನಲ್ಲೇ ದಿನ ಕಳೆದವರು, ಮನೆಯಲ್ಲೂ ಜೋರಾಗಿಯೇ ಮಾತಾಡುತ್ತಿದ್ದರು. ಸಿಟ್ಟು ಬಂದಿದೆ ಅಂತ ನಾವು ಹೆದರುತ್ತಿದ್ದೆವು. ಕಿವಿ ಮಂದ ಆಗಿತ್ತು ಅಂತ ತಿಳಿಯುವಷ್ಟರಲ್ಲಿ ನಾನು ದೊಡ್ಡವನಾಗಿದ್ದೆ.

ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಊರಿಗೆ ಹೆಸರು ತಂದವರು ಅಪ್ಪನಂಥ ಈ ಮಿಲ್ ಕಾರ್ಮಿಕರು. ಪಂಪಾಪತಿಯವರಂಥ ಕಮ್ಯುನಿಸ್ಟ್ ಕಾರ್ಮಿಕ ನಾಯಕನನ್ನು ವಿಧಾನಸಭೆಗೆ ಕಳಿಸಿದವರೂ ಇವರೇ. ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಈಗ ಮೊಬೈಲ್ ಹಿಡಿದು ಬರುವವರೆಲ್ಲ ಬೆಣ್ಣೆ ದೋಸೆಯ ವಿಡಿಯೋ ಮಾಡಿಕೊಂಡು ಹೋಗುತ್ತಾರೆ. ಮಾಡಲಿ, ದೋಸೆ ನಮ್ಮ ಹೆಮ್ಮೆಯೇ. ಆದರೆ ಊರು ಕಟ್ಟಿದ ಕೈಗಳ ಬಗ್ಗೆ ಈ ರಸ್ತೆಯಲ್ಲಿ ಒಂದು ಸಾಲೂ ನನ್ನ ಕಣ್ಣಿಗೆ ಬಿದ್ದಿಲ್ಲ. 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳಲ್ಲಿ ನಮ್ಮದೂ ಇತ್ತಲ್ಲ. ಸರ್ಕಲ್ಲಿಗೊಂದು ಫಲಕ ಹಾಕಿ, ಇಲ್ಲಿ ಏನಿತ್ತು ಅಂತ ನಾಲ್ಕು ಸಾಲು ಬರೆಸುವುದಕ್ಕೆ ಎಷ್ಟು ಖರ್ಚು?

ಅದಕ್ಕಿಂತ ಅವಸರದ ಕೆಲಸ ಇನ್ನೊಂದಿದೆ. 1979ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ಶುರುವಾದದ್ದು ಆಮೇಲೆ ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿ, 2009ರಲ್ಲಿ ನಮ್ಮದೇ ದಾವಣಗೆರೆ ವಿಶ್ವವಿದ್ಯಾಲಯ ಆಯಿತು. ಅದರ ಕ್ಯಾಂಪಸ್ ಶಿವಗಂಗೋತ್ರಿಯಲ್ಲಿ ಓದುವ ಮಕ್ಕಳು ಮಿಲ್ಲಿನಲ್ಲಿ ದುಡಿದ ಅಜ್ಜಂದಿರ ಮುಂದೆ ಒಂದು ಮಧ್ಯಾಹ್ನ ಕೂತು, ಅವರ ಮಾತು ರೆಕಾರ್ಡ್ ಮಾಡಿಕೊಳ್ಳಲಿ. ಯಾವ ಖಾತೆಯಲ್ಲಿ ಏನು ಕೆಲಸ, ಕೂಲಿ ಎಷ್ಟು, ಮುಷ್ಕರದ ದಿನ ಒಲೆ ಹೇಗೆ ಉರಿಯಿತು, ಎಲ್ಲ ಕೇಳಲಿ. ನಮ್ಮ ಬೀದಿಯಲ್ಲೇ ಹೋದ ವರ್ಷ ಇಬ್ಬರು ತೀರಿಕೊಂಡರು. ಉಳಿದವರಿಗೆ ಎಂಬತ್ತು ದಾಟಿದೆ.

ನಿಮ್ಮ ಮನೆಯಲ್ಲಿ ಮಿಲ್ಲಿನ ಪಾಸು, ಸಂಬಳದ ಚೀಟಿ, ಯೂನಿಯನ್ ಫೋಟೋ ಇದ್ದರೆ ರದ್ದಿಗೆ ಹಾಕಬೇಡಿ, ನನಗೊಂದು ಮೆಸೇಜ್ ಮಾಡಿ. ಅಪ್ಪನ ಮಿಲ್ಲಿನ ಹಿತ್ತಾಳೆ ಬಿಲ್ಲೆ ದೇವರ ಗೂಡಿನಲ್ಲಿದೆ. ನಂಬರ್ ಸವೆದಿದೆ, ಬೆರಳಾಡಿಸಿದರೆ ಇನ್ನೂ ತಿಳಿಯುತ್ತದೆ.