ಹಾರ್ನ್ ಮುಟ್ಟಲ್ಲ ಅಂತ ಶಪಥ ಮಾಡಿದ್ದು

ಡಾಕ್ಟ್ರು ಬಿಪಿ ಸ್ವಲ್ಪ ಮೇಲಿದೆ ಅಂದಿದ್ದೇ ತಡ, ಮನೇಲಿ ಎಲ್ರೂ ಸೇರಿ ಅದಕ್ಕೆ ನನ್ನ ಡ್ರೈವಿಂಗೇ ಕಾರಣ ಅಂತ ತೀರ್ಮಾನ ಮಾಡ್ಬಿಟ್ರು, ದಿನಾ ಸಾಯಂಕಾಲ ತಿನ್ನೋ ಮೆಣಸಿನಕಾಯಿ ಬಜ್ಜಿ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ, ನಾನಂತೂ ಎತ್ತಲೇ ಇಲ್ಲ. ಹೆಂಡ್ತಿ ಒಂದು ಉಸಿರಾಟದ ಲೆಕ್ಕ ಹೇಳ್ಕೊಟ್ಳು. ನಾಲ್ಕು ಎಣಿಸ್ತಾ ಎಳ್ಕೋಬೇಕು, ಆರು ಎಣಿಸ್ತಾ ಬಿಡಬೇಕು, ಬಿಡೋದು ಉದ್ದ ಇದ್ರೆ ಎದೆಬಡಿತ ನಿಧಾನ ಆಗುತ್ತೆ. ಜೊತೆಗೆ ಇನ್ಮೇಲೆ ಹಾರ್ನ್ ಮುಟ್ಟಂಗಿಲ್ಲ. ಆಯ್ತು ಅಂದೆ.

ಶುಕ್ರವಾರ ಎಲೆಕ್ಟ್ರಾನಿಕ್ ಸಿಟೀಲಿ ನಾದಿನಿ ಮನೆ ಗೃಹಪ್ರವೇಶ. ರಾಜಾಜಿನಗರದಿಂದ ಹೊರಟ್ವಿ. ನೈಸ್ ರೋಡಲ್ಲಿ ಹೋಗೋಣ ಅಂದ್ಳು ಹೆಂಡ್ತಿ, ಸುಮ್ನೆ ಟೋಲ್ ಯಾಕೆ ಕಟ್ಟೋದು ಅಂತ ನಾನು ನಾಯಂಡಹಳ್ಳಿ, ಬನಶಂಕರಿ, ಸಿಲ್ಕ್ ಬೋರ್ಡ್ ದಾರಿ ಹಿಡಿದೆ. ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಸಿಲ್ಕ್ ಬೋರ್ಡ್! ಬಿಪಿ ಇರೋನು ಮಾಡೋ ಕೆಲ್ಸಾನಾ ಇದು?

ಪಕ್ಕದ ಸೀಟಲ್ಲಿ ಮಾವ. ಮೂವತ್ತು ವರ್ಷ ಸರ್ಕಾರಿ ಬಸ್ ಓಡಿಸಿ ರಿಟೈರ್ ಆದೋರು, ಅದರಲ್ಲೂ ಹೆಚ್ಚು ಪಾಲು ಹಾಸನ–ಮಂಗಳೂರು ರೂಟು, ಶಿರಾಡಿ ಘಾಟಿ ಅವರಿಗೆ ಮನೆ ಅಂಗಳ ಇದ್ದಂಗೆ. ನನ್ನ ಡ್ರೈವಿಂಗ್ ಬಗ್ಗೆ ಇವತ್ತಿನವರೆಗೆ ಒಂದು ಮಾತಾಡಿಲ್ಲ, ಮರ್ಯಾದಸ್ಥರು. ಆದ್ರೆ ಅವರ ಬಲಗಾಲು ಮಾತಾಡುತ್ತೆ. ನಾನು ಬ್ರೇಕ್ ಹಾಕೋಕೆ ಅರ್ಧ ಸೆಕೆಂಡ್ ಮುಂಚೆ ಅವರ ಬಾಟಾ ಚಪ್ಪಲಿ ಮ್ಯಾಟ್ ಮೇಲೆ ಒತ್ತುತ್ತೆ, ಹೆಬ್ಬೆರಳು ಬೆಳ್ಳಗಾಗೋ ಥರ. ನಾನು ರೋಡ್ ನೋಡ್ಲಾ, ಆ ಹೆಬ್ಬೆರಳು ನೋಡ್ಲಾ?

ಸಿಲ್ಕ್ ಬೋರ್ಡ್ ಹತ್ರ ನಿಂತ್ವಿ. ನಿಂತೇ ಇದ್ವಿ. ಉಸಿರು ಎಳ್ಕೊಳೋಣ ಅಂತ ಕಿಟಕಿ ಇಳಿಸಿದೆ, ಪಕ್ಕದ ಟೆಂಪೋದ ಹೊಗೆ ನಾಲ್ಕು ಎಣಿಸೋ ಮೊದಲೇ ಹೊಟ್ಟೆ ತನಕ ಇಳೀತು, ಬಿಡೋ ಆರು ಎಣಿಕೆ ಪೂರ್ತಿ ಕೆಮ್ಮಲ್ಲೇ ಮುಗೀತು. ತಲೆ ಮೇಲೆ ಹಳದಿ ಲೈನಿನ ಮೆಟ್ರೋ ಬೊಮ್ಮಸಂದ್ರದ ಕಡೆ ತಣ್ಣಗೆ ಹೋಯ್ತು. 2025ರ ಆಗಸ್ಟಿಂದ ಓಡ್ತಿದೆ, ಆರ್.ವಿ. ರೋಡಲ್ಲಿ ಹತ್ತಿದ್ರೆ ಎಲೆಕ್ಟ್ರಾನಿಕ್ ಸಿಟೀಲೇ ಇಳೀಬೋದಿತ್ತು. ಹಿಂದಿನ ಸೀಟಿಂದ ಹೆಂಡ್ತಿ ಏನೂ ಹೇಳ್ಲಿಲ್ಲ, ಬರೀ ಕತ್ತೆತ್ತಿ ರೈಲನ್ನ ಕೊನೇ ಬೋಗಿ ತನಕ ನೋಡಿದ್ಳು.

ಅಷ್ಟರಲ್ಲಿ ಬೈಕಿನವನೊಬ್ಬ ಸಂದೀಲಿ ನುಗ್ಗಿ ನನ್ನ ಸೈಡ್ ಮಿರರ್‌ನ ಒಳಗೆ ಮಡಚಿ, "ಸಾರಿ ಗುರು" ಅಂತ ಹೋಗೇಬಿಟ್ಟ. ನಾಲ್ಕೂ ಮರೀತು ಆರೂ ಮರೀತು, ಮುಷ್ಟಿ ಕಟ್ಟಿ ಹಾರ್ನ್ ಮೇಲೆ ಒಂದು ಗುದ್ದಿದೆ.

ಅದು ಅಲ್ಲೇ ಸಿಕ್ಕಾಕೊಂಡ್ತು. ಪೋಂಓಓಓ ಅಂತ. ಕೈ ತೆಗೆದ್ರೂ ಪೋಂ, ಕೀ ತಿರುಗಿಸಿ ಇಂಜಿನ್ ಆಫ್ ಮಾಡಿದ್ರೂ ಪೋಂ. ಇಡೀ ಜಂಕ್ಷನ್ ನನ್ನ ಕಡೆ ತಿರುಗ್ತು. "ಸಾರ್, ರೆಡ್ ಇದೆ, ಎಲ್ಲಿಗ್ ಹಾರ್ತೀರಾ?" ಅಂದ ಆಟೋದವನು. ಟ್ರಾಫಿಕ್ ಪೊಲೀಸರು ಬೇರೆ ಈ ಕಡೆ ಹೆಜ್ಜೆ ಹಾಕ್ತಿದ್ರು. ನಾನು ಕೈ ಮುಗಿದು ಎಲ್ಲರಿಗೂ ತೋರಿಸ್ತಿದ್ದೆ, ನೋಡ್ರಪ್ಪ ನಾನು ಒತ್ತಿಲ್ಲ ಅಂತ.

ಮಾವ ನಿಧಾನವಾಗಿ ಸೀಟ್ ಬೆಲ್ಟ್ ಬಿಚ್ಚಿ, ಗೃಹಪ್ರವೇಶದ ರೇಷ್ಮೆ ಪಂಚೆ ಎತ್ತಿ ಕಟ್ಟಿ ಇಳಿದ್ರು. "ಅಳಿಯಂದ್ರೇ, ಬಾನೆಟ್ ತೆಗೀರಿ" ಅಂದ್ರು. ಗಾಬರೀಲಿ ಎಳೆದೆ, ಪೆಟ್ರೋಲ್ ಟ್ಯಾಂಕ್ ಮುಚ್ಚಳ ತೆಕ್ಕೊಳ್ತು. ಎರಡನೇ ಸಲ ಸರಿಯಾಗಿದ್ದು ಎಳೆದೆ. ಅವರು ಒಳಗೆ ಕೈ ಹಾಕಿ ಒಂದು ವೈರ್ ಕಿತ್ರು ಅಷ್ಟೇ, ಪ್ರಪಂಚ ಸುಮ್ಮನಾಯ್ತು.

ವಾಪಸ್ ಬಂದು ಕೂತು ಕರ್ಚೀಫಲ್ಲಿ ಬೆರಳು ಒರೆಸ್ಕೊಳ್ತಾ ಅಂದ್ರು, "ಅದೂ ಒಂದ್ ಹಾರ್ನಾ, ಪೀಪಿ. ನಮ್ ಬಸ್ಸಿಂದು ಕೇಳ್ಬೇಕಿತ್ತು ನೀವು."

ಮುಹೂರ್ತ ತಪ್ತು, ಪಾಯಸ ಸಿಕ್ತು. ವೈರನ್ನ ಹನ್ನೊಂದು ದಿನ ಆದ್ರೂ ಹಾಕಿಸಿಲ್ಲ, ಹೆಂಡ್ತಿ ಬಿಡ್ತಿಲ್ಲ. ಈಗ ನಮ್ಮ ರೋಡಲ್ಲಿ ಹಸು ಅಡ್ಡ ಬಂದ್ರೆ ಕಿಟಕಿಯಿಂದ ತಲೆ ಹೊರಗೆ ಹಾಕಿ "ಸ್ವಲ್ಪ ಸೈಡ್ ಬಿಡಮ್ಮಾ" ಅಂತೀನಿ. ಹಸು ಬಿಡುತ್ತೆ. ಅದರ ಪಕ್ಕ ನಿಂತು ಫೋನಲ್ಲಿ ಮಾತಾಡ್ತಿರೋರು ಬಿಡಲ್ಲ.