ಇತರೆ ವಿಷಯಗಳು

ಪುರಸಭೆ ಆಫೀಸಿನ ಎದುರಿಗೇ ನನ್ನ ಜೆರಾಕ್ಸ್ ಅಂಗಡಿ. ಹದಿನೇಳು ವರ್ಷ ಆಯಿತು. ಜೊತೆಗೆ ಅರ್ಜಿ ಟೈಪ್ ಮಾಡಿಕೊಡುತ್ತೇನೆ. ಹಾಗಾಗಿ ಊರಿನ ಅರ್ಧ ಕಷ್ಟ ನನ್ನ ಕೀಬೋರ್ಡ್ ಮೇಲೆಯೇ ಹಾದುಹೋಗಿದೆ. ಖಾತೆ ಬದಲಾವಣೆ, ನಲ್ಲಿ ಸಂಪರ್ಕ, ಪಕ್ಕದ ಮನೆಯವರ ಬಚ್ಚಲು ನೀರು, ಜನನ ಪ್ರಮಾಣಪತ್ರದಲ್ಲಿ ತಪ್ಪಾದ ಹೆಸರು, ತಂತಿಗೆ ತಾಗುವ ತೆಂಗಿನಮರ. ಊರಿನ ಹೆಸರು ಬರೆಯಲ್ಲ. ಬರೆದರೆ ನಾಳೆ ನಮ್ಮ ಬೀದಿಗೆ ನೀರು ಬರುವುದು ಅನುಮಾನ. ಅರೆಮಲೆನಾಡಿನ ಕಡೆಯ ಒಂದು ಪುರಸಭೆ, 23 ವಾರ್ಡು, ಅಷ್ಟು ಸಾಕು.

ಇದನ್ನೆಲ್ಲ ಬರೆಯೋಕೆ ಕಾರಣ ಒಂದು ಚಪ್ಪಡಿ ಕಲ್ಲು.

ನಮ್ಮ ಬೀದಿ ಮೇನ್ ರೋಡಿಗೆ ಸೇರುವ ತಿರುವಿನಲ್ಲಿ ಚರಂಡಿ ಅಡ್ಡ ಹಾಯುತ್ತದೆ. ಅದರ ಮೇಲಿನ ಚಪ್ಪಡಿ 2024ರ ಮಳೆಗಾಲ ಮುಗಿಯುವ ಹೊತ್ತಿಗೆ ಮುರಿಯಿತು. ಎಂ-ಸ್ಯಾಂಡ್ ತುಂಬಿದ ಟಿಪ್ಪರ್ ಒಂದು ತಿರುಗುವಾಗ ಹಿಂದಿನ ಚಕ್ರ ಅದರ ಮೇಲೇ ಹತ್ತಿಸಿತ್ತು. ಸಂಜೆಯೊಳಗೆ ಯಾರೋ ಆ ತೂತಿಗೆ ಒಂದು ನೀಲಗಿರಿ ಕೊಂಬೆ ಸಿಕ್ಕಿಸಿ ತುದಿಗೆ ಕೆಂಪು ಬಟ್ಟೆ ಕಟ್ಟಿದರು. ನಮ್ಮ ಕಡೆ ರಸ್ತೆ ಸುರಕ್ಷತೆ ಅಂದರೆ ಇದೇ.

ನಾನು ಮೆಂಬರಿಗೆ ಫೋನ್ ಮಾಡಿದೆ. ನಮ್ಮ ವಾರ್ಡಿನ ಮೆಂಬರ್ ಹೆಂಗಸು. ಫೋನ್ ಇರುವುದು ಮಾತ್ರ ಅವರ ಯಜಮಾನರ ಜೇಬಲ್ಲಿ. ಅವರೇನೂ ಕೆಟ್ಟವರಲ್ಲ. ಅರ್ಧ ಗಂಟೆಗೆ ಬೈಕ್ ಹತ್ತಿ ಬಂದರು, ಬಗ್ಗಿ ನೋಡಿದರು, ಫೋಟೊ ತೆಗೆದುಕೊಂಡರು. "ಅಣ್ಣ, ನಾಳೆ ಬೆಳಿಗ್ಗೆ ಹೊಸ ಕಲ್ಲು ಕೂರುತ್ತೆ, ನೀವು ಚಿಂತೆ ಬಿಡಿ" ಅಂದರು. ಹೇಳಿದ ಹಾಗೆ ಕೂತಿತು. ನಾವೆಲ್ಲ ಭಲೇ ಅಂದೆವು. ವಾರ್ಡಿನ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಕೈಮುಗಿಯುವ ಚಿಹ್ನೆಗಳ ಮಳೆ.

ಆ ಕಲ್ಲು ಹನ್ನೆರಡು ದಿನ ಬಾಳಿತು.

ಮತ್ತೆ ಫೋನ್, ಮತ್ತೆ ಕಲ್ಲು. ಅದೂ ಹೋಯಿತು. ಮೂರನೇ ಕಲ್ಲು ಮುರಿದ ಮಾರನೇ ದಿನ ಬೆಳಗಿನ ಜಾವ ಹಾಲು ಹಾಕುವ ಹುಡುಗನ ಸ್ಕೂಟರಿನ ಮುಂದಿನ ಚಕ್ರ ಅದರಲ್ಲಿ ಇಳಿಯಿತು. ಅವನಿಗೆ ಮೊಣಕೈ ತರಚಿದ್ದು ಬಿಟ್ಟರೆ ಜಾಸ್ತಿ ಏನೂ ಆಗಲಿಲ್ಲ. ಕ್ರೇಟು ಚರಂಡಿಗೆ ಬಿತ್ತು. ನಾನು ಹೋಗಿ ನೋಡುವಾಗ ಮೋರಿ ನೀರು ಬೆಳ್ಳಗೆ ಹರಿಯುತ್ತಿತ್ತು. ಅವನು ಮಾತ್ರ ಅಲ್ಲೇ ಕೂತು, ಒಡೆಯದ ಪ್ಯಾಕೆಟ್‌ಗಳನ್ನು ಒಂದೊಂದಾಗಿ ಅಂಗಿಯಲ್ಲಿ ಒರೆಸಿ ಪಕ್ಕಕ್ಕಿಡುತ್ತಿದ್ದ.

ಅವತ್ತು ಅಂಗಡಿ ತೆಗೆದ ಮೇಲೆ ಮೊದಲು ಟೈಪ್ ಮಾಡಿದ್ದು ನನ್ನದೇ ಅರ್ಜಿ. ಮುಖ್ಯಾಧಿಕಾರಿಯವರಿಗೆ. ರಸ್ತೆ ದಾಟಿ ಟಪಾಲು ವಿಭಾಗದಲ್ಲಿ ಕೊಟ್ಟು, ಎರಡನೇ ಪ್ರತಿಯ ಮೇಲೆ ಸೀಲು, ನಂಬರ್, ತಾರೀಖು ಹಾಕಿಸಿಕೊಂಡೆ. ಹದಿನೆಂಟು ದಿನಕ್ಕೆ ಇಂಜಿನಿಯರ್ ಟೇಪ್ ಹಿಡಿದು ಬಂದರು. ಹುಡುಗ ವಯಸ್ಸಿನವರು. ಅಳೆಯುತ್ತಾ ಅಂದರು: "ಸಾರ್, ಇಲ್ಲಿ ಗಾಡಿ ತಿರುಗುತ್ತೆ. ಇಲ್ಲಿಗೆ ಚಪ್ಪಡಿ ನಿಲ್ಲಲ್ಲ, ಆರ್‌ಸಿಸಿ ಡೆಕ್ ಸ್ಲ್ಯಾಬೇ ಬೇಕು." ಅದನ್ನು ಮೊದಲನೇ ಸಲವೇ ಹೇಳಬಹುದಿತ್ತಲ್ವಾ ಅಂದೆ. "ಮೊದಲನೇ ಸಲ ಅಂದ್ರೆ? ಈ ಜಾಗದ ಬಗ್ಗೆ ಆಫೀಸಲ್ಲಿ ಒಂದು ಚೀಟಿ ಕೂಡ ಇರಲಿಲ್ಲ ಸಾರ್. ಬಾಯಲ್ಲಿ ಹೇಳಿದ್ರೆ ಕಲ್ಲು ಹಾಕಿಸಬಹುದು, ಎಸ್ಟಿಮೇಟ್ ಹಾಕೋಕೆ ಆಗಲ್ಲ."

ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಮೂರು ಸಲ ಮುರಿದಿದೆ, ಎರಡು ಸಲ ರಿಪೇರಿ ಆಗಿದೆ, ಒಬ್ಬ ಬಿದ್ದಿದ್ದಾನೆ. ಪುರಸಭೆಯ ಲೆಕ್ಕದಲ್ಲಿ ಮಾತ್ರ ನಮ್ಮ ತಿರುವಿನಲ್ಲಿ ಏನೂ ನಡೆದೇ ಇಲ್ಲ!

ನಮ್ಮೂರಿನ ಪುರಸಭೆ ನಡೆಯುವುದೇ ಹೀಗೆ, ಫೋನಿನ ಮೇಲೆ. ದೀಪ ಹೋದರೆ ಮೆಂಬರಿಗೆ, ಕಸದ ಗಾಡಿ ಬರದಿದ್ದರೆ ಮೇಸ್ತ್ರಿಗೆ, ನೀರು ಬರದಿದ್ದರೆ ವಾಲ್ವ್‌ಮನ್‌ಗೆ. ವಾಲ್ವ್‌ಮನ್ ಅಂತೂ ಊರಿಗೆ ಎರಡನೇ ಅಧ್ಯಕ್ಷ. ಯಾರ ಮನೆಯಲ್ಲಿ ಮದುವೆ, ಯಾರ ಮನೆಯಲ್ಲಿ ತಿಥಿ ಎಲ್ಲ ಅವನಿಗೆ ಗೊತ್ತು. "ಅಕ್ಕ, ಇವತ್ತು ನಿಮ್ಮ ಲೈನಿಗೆ ಅರ್ಧ ಗಂಟೆ ಜಾಸ್ತಿ ಬಿಡ್ತೀನಿ, ಕೆಳಗಿನ ಬೀದಿಯವರಿಗೆ ಹೇಳಬೇಡಿ" ಅಂತಾನೆ. ಕೇಳೋಕೆ ಎಷ್ಟು ಚೆನ್ನ! ಆದರೆ ಆ ಅರ್ಧ ಗಂಟೆ ಬಂದಿದ್ದು ಕೆಳಗಿನ ಬೀದಿಯಿಂದಲೇ. ಪಟ್ಟಣಗಳಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು ಕೊಡಬೇಕು ಅಂತ ಕೇಂದ್ರದ ಮಾರ್ಗಸೂಚಿ ಇದೆ. ಕೆಳಗಿನ ಬೀದಿಯಲ್ಲಿ ಲೀಟರಿನ ಲೆಕ್ಕ ಇಲ್ಲ, ಬಿಂದಿಗೆಯ ಲೆಕ್ಕ.

ಆ ಬೀದಿಯ ಒಬ್ಬ ಅಜ್ಜಿ ಒಂದು ದಿನ ನೀರಿನ ಅರ್ಜಿ ಬರೆಸೋಕೆ ಬಂದಿತ್ತು. "ಮೆಂಬರಿಗೆ ಒಂದು ಫೋನ್ ಮಾಡಿದ್ರೆ ಆಗ್ತಿತ್ತಲ್ವಾ ಅಜ್ಜಿ" ಅಂದೆ, ಸುಮ್ನೆ ದುಡ್ಡು ಯಾಕೆ ಅಂತ. "ನಂಗೆ ಯಾರ ನಂಬರೂ ಇಲ್ಲ ಕಣಪ್ಪ, ಅದ್ಕೇ ಅರ್ಜಿ" ಅಂತು. ಹದಿನೇಳು ವರ್ಷ ಅರ್ಜಿ ಟೈಪ್ ಮಾಡಿದವನಿಗೆ ಅವತ್ತಿನ ತನಕ ಇದು ಹೊಳೆದಿರಲಿಲ್ಲ. ನನ್ನ ಅಂಗಡಿಗೆ ಬರುವವರು ಯಾರು? ಬಾಡಿಗೆಗೆ ಬಂದವರು, ಮೆಂಬರಿಗೆ ಓಟು ಹಾಕದವರು, ಹಾಕಿದರೂ ಗುರುತಿಲ್ಲದವರು. ಫೋನ್ ನಂಬರ್ ಇದ್ದವರು ರಸ್ತೆ ದಾಟುವುದೇ ಇಲ್ಲ.

ಈ ಅಭ್ಯಾಸ ಬೆಳೆದದ್ದಕ್ಕೆ ಮೆಂಬರ್‌ಗಳನ್ನೇ ಬೈಯುವುದೂ ಸರಿಯಲ್ಲ. 2018ರ ಆಗಸ್ಟ್ 31ಕ್ಕೆ ರಾಜ್ಯದ ನೂರಕ್ಕೂ ಹೆಚ್ಚು ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳಿಗೆ ಮತದಾನ ಆಯಿತು. ಅದರಲ್ಲಿ ನಮ್ಮದೂ ಒಂದು. ಗೆದ್ದವರು ಹಾರ ಹಾಕಿಸಿಕೊಂಡರು, ಪಟಾಕಿ ಹೊಡೆದರು. ಆಮೇಲೆ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಯಿತು. ಕುರ್ಚಿಗೆ ಅಧ್ಯಕ್ಷರು ಬಂದಾಗ 2020 ಮುಗಿಯುತ್ತಾ ಬಂದಿತ್ತು. ಎರಡು ವರ್ಷ ಗೆದ್ದವರಿಗೆ ಕೂರುವ ಸಭೆಯೇ ಇಲ್ಲ, ಮೇಲೊಬ್ಬರು ಆಡಳಿತಾಧಿಕಾರಿ. ಅಧ್ಯಕ್ಷರ ಅವಧಿ 30 ತಿಂಗಳು. ಅದು ಮುಗಿದದ್ದು 2023ರಲ್ಲಿ. ಎರಡನೇ ಅವಧಿಯ ಮೀಸಲಾತಿ ಪಟ್ಟಿ ಬಂದದ್ದು 2024ರ ಆಗಸ್ಟಿನಲ್ಲಿ. ಮತ್ತೆ ಒಂದು ವರ್ಷದ ಮೇಲೆ ಖಾಲಿ. ಸಭೆ ಇಲ್ಲದ ಮೆಂಬರ್ ಏನು ಮಾಡಬೇಕು? ಜನ ಮನೆ ಬಾಗಿಲಿಗೆ ಬರುವುದನ್ನು ನಿಲ್ಲಿಸುವುದಿಲ್ಲ. ಆಫೀಸಿನವರ ಕೈಕಾಲು ಹಿಡಿದು, ಯಾವುದೋ ಕಾಮಗಾರಿಯಲ್ಲಿ ಉಳಿದ ಕಲ್ಲು ಎತ್ತಿಸಿಕೊಂಡು ಬಂದು ಹಾಕಿಸಬೇಕು, ಅಷ್ಟೇ.

ಸಭೆ ಶುರುವಾದ ಮೇಲಾದರೂ ಏನಾಯಿತು ಅಂದಿರಾ? ತಿಂಗಳಿಗೊಂದು ಸಾಮಾನ್ಯ ಸಭೆ ಆಗಬೇಕು ಅನ್ನುವುದು ಕಾನೂನು. ಆಫೀಸಿನ ಮೆಷಿನ್ ಕೆಟ್ಟಾಗೆಲ್ಲ (ಅದು ಕೆಡದ ತಿಂಗಳಿಲ್ಲ, ದೇವರು ದೊಡ್ಡವನು) ಸಭೆಯ ಅಜೆಂಡಾ ನನ್ನಲ್ಲೇ ಜೆರಾಕ್ಸ್ ಆಗುತ್ತದೆ. ಹಾಗಾಗಿ ಓದಿದ್ದೇನೆ. ಮೊದಲು ಹಿಂದಿನ ಸಭೆಯ ನಡವಳಿ. ಆಮೇಲೆ ಜಮಾ-ಖರ್ಚು. ಆಮೇಲೆ ಟೆಂಡರ್ ದರಗಳಿಗೆ ಒಪ್ಪಿಗೆ, ಮಳಿಗೆ ಹರಾಜು, ವಾರದ ಸಂತೆ ಸುಂಕ, ನೀರಿನ ಮೋಟಾರ್ ರಿಪೇರಿ ಬಿಲ್ಲು. ಕಟ್ಟಕಡೆಗೆ ಒಂದು ಸಾಲು: "ಅಧ್ಯಕ್ಷರ ಅನುಮತಿ ಮೇರೆಗೆ ಇತರೆ ವಿಷಯಗಳು." ಚರಂಡಿ, ನಾಯಿ, ಬೀದಿದೀಪ, ಕಸ ಸುರಿಯುವ ಮೂಲೆ, ಶೌಚಾಲಯದ ಬೀಗ, ನಮ್ಮ ಚಪ್ಪಡಿ ಎಲ್ಲ ಇರುವುದು ಈ ಒಂದು ಸಾಲಿನಲ್ಲಿ. ಆ ಸಾಲು ಬರುವ ಹೊತ್ತಿಗೆ ಬೋಂಡಾ, ಕಾಫಿ ಬಂದಿರುತ್ತದೆ. ಅರ್ಧ ಜನ ಎದ್ದಿರುತ್ತಾರೆ.

ಒಂದು ಮಾತು ಒಪ್ಪಬೇಕು. ದುಡ್ಡಿನ ವಿಚಾರದಲ್ಲಿ ಅವರ ಕೈಗಳೂ ಕಟ್ಟಿವೆ. ಆಗ ಕೇಂದ್ರದಿಂದ ಬರುತ್ತಿದ್ದ 15ನೇ ಹಣಕಾಸು ಆಯೋಗದ (2021–26) ಅನುದಾನದ ದೊಡ್ಡ ಪಾಲು ಕುಡಿಯುವ ನೀರು, ನೈರ್ಮಲ್ಯಕ್ಕೇ ಹೋಗಬೇಕಿತ್ತು. ಪುರಸಭೆ ನಿಧಿಯಲ್ಲಿ ಶೇ. 24.10 ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ. 7.25 ಇತರೆ ಬಡವರಿಗೆ, ಶೇ. 5 ಅಂಗವಿಕಲರಿಗೆ ಅಂತ ತೆಗೆದಿಡಬೇಕು. ತೆಗೆದಿಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಉಳಿದದ್ದಕ್ಕೆ ಕ್ರಿಯಾಯೋಜನೆ ಮಾಡಿ ಒಪ್ಪಿಗೆ ಪಡೆಯಬೇಕು. ಆ ಯೋಜನೆ ಬರೆಯುವಾಗ ಮೇಜಿನ ಮೇಲೆ ಇರುವುದು ಕಡತಗಳು. ಫೋನಿನಲ್ಲಿ ಆಡಿದ ಮಾತು ಅಲ್ಲಿ ಇರುವುದಿಲ್ಲ.

ನಾಯಿ ವಿಷಯಕ್ಕೆ ಮೆಂಬರನ್ನು ಬೈಯುವವರಿಗೆ ಒಂದು ಸಣ್ಣ ಸೂಚನೆ. ಹಿಡಿದು ದೂರ ಬಿಟ್ಟು ಬನ್ನಿ ಅಂದರೆ ಅವರಿಂದ ಆಗಲ್ಲ. 2023ರ ಎಬಿಸಿ (ಪ್ರಾಣಿಗಳ ಜನನ ನಿಯಂತ್ರಣ) ನಿಯಮದ ಪ್ರಕಾರ ಸಂತಾನಹರಣ ಚಿಕಿತ್ಸೆ ಮಾಡಿ, ಚುಚ್ಚುಮದ್ದು ಹಾಕಿ, ಸಾಮಾನ್ಯವಾಗಿ ಹಿಡಿದ ಜಾಗಕ್ಕೇ ಬಿಡಬೇಕು. ಕೇಳುವುದಾದರೆ ಚಿಕಿತ್ಸೆಗೆ ಎಷ್ಟು ದುಡ್ಡು ಇಟ್ಟಿದ್ದೀರಿ ಅಂತ ಕೇಳಿ.

ನಮ್ಮಕ್ಕನ ಊರು ಇಲ್ಲಿಂದ ಎಂಟು ಕಿಲೋಮೀಟರ್. ಅಲ್ಲಿ ಗ್ರಾಮ ಪಂಚಾಯಿತಿ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಆಗಬೇಕು, ಅದಕ್ಕೆ ಮೊದಲು ವಾರ್ಡ್ ಸಭೆ. ಕಾಟಾಚಾರಕ್ಕೆ ಮಾಡುವುದೂ ಉಂಟು, ಗಲಾಟೆ ಆಗಿ ಮುಂದಕ್ಕೆ ಹೋಗುವುದೂ ಉಂಟು. ಆದರೂ ನಮ್ಮಕ್ಕ ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತು ಮೈಕಿನಲ್ಲಿ "ನಮ್ಮ ಕೇರಿ ಚರಂಡಿ ಏನಾಯ್ತು" ಅಂತ ಕೇಳಿದರೆ ಅದನ್ನು ಒಬ್ಬರು ಬರೆದುಕೊಳ್ಳಬೇಕು. ತಮ್ಮ ನಾನು, ಟೌನಿನಲ್ಲಿದ್ದೀನಿ ಅಂತ ಜಂಭ ಕೊಚ್ಚಿಕೊಳ್ಳುವವನು, ನನಗೆ ಎದ್ದು ನಿಲ್ಲೋಕೆ ಜಾಗವೇ ಇಲ್ಲ. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ವಾರ್ಡ್ ಸಮಿತಿ ಕಡ್ಡಾಯ ಮಾಡಿದ್ದು 3 ಲಕ್ಷಕ್ಕೆ ಕಡಿಮೆ ಇಲ್ಲದ ಊರುಗಳಿಗೆ. ಪುರಸಭೆ ಅಂದರೆ 20 ಸಾವಿರದಿಂದ 50 ಸಾವಿರ ಜನ. ಹಳ್ಳಿಗೆ ಗ್ರಾಮಸಭೆ, ದೊಡ್ಡ ಊರಿಗೆ ವಾರ್ಡ್ ಸಮಿತಿ, ನಡುವಿನ ನಮಗೆ ಫೋನು.

ಪೂರ್ತಿ ಬಾಗಿಲು ಮುಚ್ಚಿಲ್ಲ ಅನ್ನಿ. ಬಜೆಟ್ ಮಾಡುವ ಮೊದಲು ಊರಿನವರನ್ನು ಕರೆದು ಕೇಳಬೇಕು ಅನ್ನುವ ನಿಯಮ ಇದೆ. ಬಜೆಟ್ ಪೂರ್ವಭಾವಿ ಸಭೆ. ಒಂದು ಸಲ ನಾನು ಹೋಗಿದ್ದೆ. ಐವತ್ತು ಕುರ್ಚಿ ಹಾಕಿದ್ದರು. ಬಂದವರು ಹನ್ನೊಂದು ಜನ. ಅದರಲ್ಲಿ ಆರು ಮಂದಿ ಮೆಂಬರ್‌ಗಳೇ, ಇಬ್ಬರು ಪತ್ರಿಕೆಯವರು. ಏಪ್ರಿಲ್‌ನಲ್ಲಿ ಶೇ. 5 ರಿಯಾಯಿತಿ ಸಿಗುತ್ತೆ ಅಂತ ಮನೆ ಕಂದಾಯ ಕಟ್ಟೋಕೆ ಗೇಟಿನ ತನಕ ಕ್ಯೂ ನಿಲ್ಲುವ ಊರು ಇದೇ. ಆ ದುಡ್ಡು ಎಲ್ಲಿಗೆ ಹಾಕೋಣ ಅಂತ ಕೇಳಿದ ದಿನ ಯಾರೂ ಬರಲಿಲ್ಲ. ಇದಕ್ಕೆ ಯಾರನ್ನು ಬೈಯೋಣ ಹೇಳಿ.

ನನ್ನ ಬೇಡಿಕೆ ದೊಡ್ಡದೇನಲ್ಲ. ಫೋನ್ ಮಾಡಿ, ಬೇಡ ಅನ್ನಲ್ಲ. ಪೈಪ್ ಒಡೆದು ನೀರು ಬೀದಿಗೆ ಹರಿಯುವಾಗ ಅರ್ಜಿ ಟೈಪ್ ಮಾಡಿಸಿ ಅಂದರೆ ನನಗೇ ನಗು ಬರುತ್ತದೆ. ಆದರೆ ಫೋನಿನಲ್ಲಿ ಬಂದ ದೂರನ್ನು ಆಫೀಸಿನಲ್ಲಿ ಒಂದು ಪುಸ್ತಕಕ್ಕೆ ಇಳಿಸಲಿ: ಯಾವ ಜಾಗ, ಯಾವ ದಿನ, ಎಷ್ಟನೇ ಸಲ. ವರ್ಷಕ್ಕೊಮ್ಮೆ ವಾರ್ಡಿನ ಶಾಲೆಯಲ್ಲೋ ದೇವಸ್ಥಾನದ ಕಟ್ಟೆಯಲ್ಲೋ ಜನರನ್ನು ಕೂರಿಸಿ ಆ ಪುಸ್ತಕ ಓದಿ ಹೇಳಲಿ. 23 ವಾರ್ಡು, 23 ಸಂಜೆ. ಗಣಪತಿ ಕೂರಿಸುವಾಗ ಇಷ್ಟು ಸಂಜೆ ಸಿಗುತ್ತದಲ್ಲ ನಮಗೆ. (ಅರ್ಜಿ ಟೈಪ್ ಮಾಡೋಕೆ 30 ರೂಪಾಯಿ ತಗೊಳ್ಳೋನು, ವ್ಯಾಪಾರಕ್ಕೆ ಬರೆದಿದ್ದಾನೆ ಅಂತ ಯಾರಾದರೂ ಕಾಮೆಂಟ್ ಹಾಕುತ್ತೀರಿ, ಗೊತ್ತು. ಕೈಯಲ್ಲಿ ಬರೆದ ಅರ್ಜಿಗೂ ಅದೇ ಸೀಲು ಬೀಳುತ್ತದೆ.)

ಚಪ್ಪಡಿ ಕಥೆ ಮುಗಿಸುತ್ತೇನೆ. ನಾನು ಅರ್ಜಿ ಕೊಟ್ಟದ್ದು ಗೊತ್ತಾಗಿ ಮೆಂಬರ್ ಯಜಮಾನರು ಬೇಜಾರು ಮಾಡಿಕೊಂಡರು. "ನನಗೆ ಒಂದು ಮಾತು ಹೇಳಿದ್ರೆ ಆಗ್ತಿರಲಿಲ್ವಾ ಅಣ್ಣ, ನನ್ನ ಮರ್ಯಾದೆ ತೆಗೆದ್ರಲ್ಲ" ಅಂದರು. ಎರಡು ವಾರ ಅಂಗಡಿ ಮುಂದೆ ಬೈಕ್ ನಿಲ್ಲಿಸಲಿಲ್ಲ. ಆದರೆ ವಿಷಯ ಸಭೆಗೆ ಹೋಗಬೇಕಿತ್ತು. ಸಭೆಯ ಒಳಗೆ ಯಜಮಾನರಿಗೆ ಕುರ್ಚಿ ಇಲ್ಲ. ಹಾಗಾಗಿ ಮೊದಲ ಸಲ ಮೆಂಬರಮ್ಮ ತಾವೇ ನನ್ನ ಅಂಗಡಿಗೆ ಬಂದರು, ನನ್ನ ಅರ್ಜಿಯ ಪ್ರತಿ ಕೇಳಿದರು, ಅಲ್ಲೇ ಸ್ಟೂಲಿನ ಮೇಲೆ ಕೂತು ಪೂರ್ತಿ ಓದಿದರು. ಮೂರನೇ ಸಲ ಮುರಿದ ತಾರೀಖಿನ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದರು. "ಇತರೆ ವಿಷಯ ಬರೋ ತನಕ ಕಾಯಲ್ಲ ಬಿಡಿ" ಅಂದರು. ಸಭೆಯಲ್ಲಿ ಏನು ಮಾತಾಡಿದರೋ ನಾನು ನೋಡಿಲ್ಲ. ಮುಂದಿನ ತಿಂಗಳು ಜೆರಾಕ್ಸಿಗೆ ಬಂದ ನಡವಳಿಯಲ್ಲಿ ನಮ್ಮ ತಿರುವು ನಾಲ್ಕನೇ ವಿಷಯವಾಗಿತ್ತು, ಅವರ ಹೆಸರಿನೊಂದಿಗೆ.

2025ರ ಫೆಬ್ರವರಿಯಲ್ಲಿ, ಬಿ-ಖಾತಾ ಅಭಿಯಾನ (ಅನುಮೋದನೆ ಇಲ್ಲದ ಸೈಟುಗಳಿಗೂ ಖಾತೆ ಕೊಡುವುದು) ಅಂತ ಊರಿಗೆ ಊರೇ ನನ್ನ ಅಂಗಡಿ ಮುಂದೆ ನಿಂತಿದ್ದಾಗ, ಅಲ್ಲಿ ಕಬ್ಬಿಣ ಕಟ್ಟಿ ಕಾಂಕ್ರೀಟ್ ಹಾಕಿದರು. ಈಗ ಅದರ ಮೇಲೆ ಟಿಪ್ಪರ್ ಹೋದರೂ ಅಲ್ಲಾಡುವುದಿಲ್ಲ.

ಅದಾದ ಮೇಲೆ ಒಂದು ದಿನ ಅದೇ ತಿರುವಿನ ಕಂಬದ ದೀಪ ಹೋಯಿತು. ಫೋನ್ ಮಾಡಿದೆ. ಮೆಂಬರಮ್ಮನೇ ಎತ್ತಿದರು. "ಅಣ್ಣ, ಒಂದು ಅರ್ಜಿ ಕೊಟ್ಟು ನಂಬರ್ ಹಾಕಿಸಿಕೊಳ್ಳಿ, ನಾನು ಸಭೆಯಲ್ಲಿ ಇಡ್ತೀನಿ" ಅಂದರು. ಒಂದು ಬಲ್ಬಿಗಾ ತಾಯಿ, ಅಂದೆ.