ಒಂದು ರೂಪಾಯಿ ಡಾಕ್ಟರ ಬಗ್ಗೆ, ವಿಜಯಪುರದಿಂದ

ಆಂಧ್ರದ ಮುಖ್ಯಮಂತ್ರಿಯಾಗಿದ್ದ ವೈ.ಎಸ್. ರಾಜಶೇಖರ ರೆಡ್ಡಿ ಅಂದರೆ ನಮ್ಮ ಕಡೆ ಹಲವರಿಗೆ ಇನ್ನೂ ಸಿಟ್ಟು. ಕೃಷ್ಣಾ ನೀರಿನ ತಕರಾರಿನಲ್ಲಿ ಅವರು ಎದುರು ಪಾರ್ಟಿ. ಆಲಮಟ್ಟಿ ಅಣೆಕಟ್ಟಿನ ಎತ್ತರ 519.6 ಮೀಟರ್ ದಾಟಬಾರದು ಅಂತ ಆಂಧ್ರ ಪಟ್ಟು ಹಿಡಿದದ್ದು, ಅದೇ ಹೊತ್ತಿಗೆ ಜಲಯಜ್ಞ ಅಂತ ಅಲ್ಲಿ ಸಾಲುಸಾಲು ಕಾಲುವೆ ತೋಡಿದ್ದು ಯಾರೂ ಮರೆತಿಲ್ಲ. ಆ ಗುತ್ತಿಗೆಗಳ ಮೇಲೆ ಭ್ರಷ್ಟಾಚಾರದ ಆರೋಪಗಳೂ ಬಂದವು. ಆದರೂ ಹೇಳುತ್ತೇನೆ, ಒಕ್ಕಲುತನದ ಮನೆ ಎಲ್ಲಿ ಮುರಿಯುತ್ತದೆ ಅಂತ ಅವರಷ್ಟು ಸರಿಯಾಗಿ ಹಿಡಿದ ಮುಖ್ಯಮಂತ್ರಿಯನ್ನು ನಾನು ಕಂಡಿಲ್ಲ. ಅವರು ಡಾಕ್ಟರಾಗಿದ್ದೇ ಇದಕ್ಕೆ ಕಾರಣ ಅಂತ ನನ್ನ ನಂಬಿಕೆ.

ಎಂಬಿಬಿಎಸ್ ಓದಿದ್ದು ನಮ್ಮ ಕಲಬುರಗಿಯ ಎಂ.ಆರ್. ಮೆಡಿಕಲ್ ಕಾಲೇಜಿನಲ್ಲಿ. 1973ರಲ್ಲಿ ಕಡಪಾ ಜಿಲ್ಲೆಯ ಪುಲಿವೆಂದುಲದಲ್ಲಿ ತಂದೆಯ ಹೆಸರಿನ ಆಸ್ಪತ್ರೆ ತೆರೆದರು. ಫೀಸು ಒಂದು ರೂಪಾಯಿ. 1978ಕ್ಕೆ ಶಾಸಕ. ಕಡಪಾ ಸೀಮೆಯೂ ನಮ್ಮ ಹಾಗೇ ಬರದ ನಾಡು.

ಇಂಡಿಯಲ್ಲಿ, ತಿಕೋಟಾದಲ್ಲಿ ಯಾವ ಕಟ್ಟೆಯ ಮೇಲಾದರೂ ಕೂತು ಕೇಳಿ, "ಇಷ್ಟ್ ಸಾಲ ಹೆಂಗಾತ್ರೀ ಕಾಕಾ?" ಉತ್ತರ ಹೆಚ್ಚುಕಡಿಮೆ ಒಂದೇ. "ಬೋರ್ ಹೊಡಿಸಿದ್ವಿ, ನೀರ್ ಬೀಳಲಿಲ್ಲ. ಮ್ಯಾಲೆ ನಿಮ್ಮ ಕಾಕೂಗ ಹಾರ್ಟಿಂದು ಆಪರೇಶನ್ ಆತು." ಬೆಳೆ ಹೋದರೆ ಮುಂದಿನ ಹಂಗಾಮು ಅಂತ ಒಂದಿರುತ್ತದೆ. ನೀರಿಗೂ ದವಾಖಾನೆಗೂ ಮಾಡಿದ ಸಾಲಕ್ಕೆ ಹೊಲವೇ ಹೋಗುತ್ತದೆ.

ರೆಡ್ಡಿಯವರು ಕೈಹಾಕಿದ್ದು ಈ ಎರಡಕ್ಕೇ. 2003ರ ಬಿರುಬೇಸಿಗೆಯಲ್ಲಿ ಚೇವೆಳ್ಳದಿಂದ ಇಚ್ಛಾಪುರದವರೆಗೆ ಆಂಧ್ರದ ಉದ್ದಕ್ಕೂ ಪಾದಯಾತ್ರೆ ನಡೆದರು. 2004ರ ಮೇ 14ರಂದು ಪ್ರಮಾಣವಚನ ತೆಗೆದುಕೊಂಡು ಹಾಕಿದ ಮೊದಲ ಸಹಿ ಪಂಪ್‌ಸೆಟ್ಟಿನ ಉಚಿತ ಕರೆಂಟಿಗೆ. 2005ರಲ್ಲಿ 108 ಆಂಬ್ಯುಲೆನ್ಸ್, 2007ರಲ್ಲಿ ಬಡವರ ಚಿಕಿತ್ಸೆಯ ಖರ್ಚು ಸರ್ಕಾರವೇ ಕಟ್ಟುವ ಆರೋಗ್ಯಶ್ರೀ. ಬಡವರ ರೇಶನ್ ಕಾರ್ಡ್ ಹಿಡಿದು ದೊಡ್ಡ ಆಸ್ಪತ್ರೆಯ ಬಾಗಿಲೊಳಗೆ ಹೋಗಿ, ಹೃದಯದ ಆಪರೇಶನ್ ಮಾಡಿಸಿಕೊಂಡು, ಬಿಲ್ ಕಟ್ಟದೆ ಹೊರಬರುವುದು ಅಂದರೆ ಏನು ಅಂತ ಹೊಲ ಒತ್ತೆ ಇಟ್ಟವರಿಗೆ ಗೊತ್ತು. ಅದರ ಗಾಳಿ ನಮಗೂ ಬೀಸಿತು. 2008ರ ನವೆಂಬರ್ 1ಕ್ಕೆ ಕರ್ನಾಟಕದಲ್ಲಿ 108 ಶುರುವಾಯಿತು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಬಂತು, ಅದೂ ಮೊದಲು ಉತ್ತರ ಕರ್ನಾಟಕಕ್ಕೆ. ಅಷ್ಟೊತ್ತಿಗೆ ರೆಡ್ಡಿ ಇರಲಿಲ್ಲ, 2009ರ ಸೆಪ್ಟೆಂಬರ್ 2ರಂದು ಹೆಲಿಕಾಪ್ಟರ್ ನಲ್ಲಮಲ ಕಾಡಿನಲ್ಲಿ ಬಿತ್ತು.

ನನಗೆ ಬೇಜಾರು ಇರುವುದು ಬೇರೆ ಕಡೆ. ಒಂದು ರೂಪಾಯಿಗೆ ನಾಡಿ ಹಿಡಿದವರೇ ಸರ್ಕಾರದ ದುಡ್ಡನ್ನು ಖಾಸಗಿ ಆಸ್ಪತ್ರೆಗಳ ಕಡೆ ಹರಿಸಿದರು. ಹೆರಿಗೆ, ಹಾವು ಕಡಿತ, ಮಕ್ಕಳ ಜ್ವರ, ಇದೆಲ್ಲ ಮೊದಲು ಬರುವುದು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. ಅಲ್ಲಿ ಡಾಕ್ಟರೇ ಇಲ್ಲದಿದ್ದರೆ ಕಾರ್ಡ್ ತಗೊಂಡು ಏನು ಮಾಡುವುದು? ನಮ್ಮ ಯೋಜನೆಗಳೂ ಅದೇ ದಾರಿ ಹಿಡಿದವು.

2025ರಲ್ಲಿ ವಿಜಯಪುರದ ಜನ ಖಾಸಗಿಯವರ ಜೊತೆ ಸೇರಿ ನಡೆಸುವ ಪಿಪಿಪಿ ಕಾಲೇಜು ಬೇಡ, ಪೂರ್ತಿ ಸರ್ಕಾರಿ ಮೆಡಿಕಲ್ ಕಾಲೇಜೇ ಬೇಕು ಅಂತ ಧರಣಿ ಕೂತದ್ದು ಈ ಕಾರಣಕ್ಕೇ. ಅವರು ಕೇಳಿದ್ದು ನ್ಯಾಯವಾದದ್ದು. ನಾಳೆ ಹೆಸರಿನ ಮುಂದೆ ಡಾಕ್ಟರ್ ಅಂತ ಹಾಕಿಕೊಂಡು ಮತ ಕೇಳಲು ಬರುವವರಿಗೆ ನಾನು ಮೊದಲು ಕೇಳುವುದೂ ಅದನ್ನೇ: ನಮ್ಮೂರ ಆರೋಗ್ಯ ಕೇಂದ್ರದಲ್ಲಿ ರಾತ್ರಿ ಡಾಕ್ಟರ್ ಇರ್ತಾರೇನ್ರೀ?